ಕಾರ್ಲೈಲ್, 1912: ಹದಿನಾಲ್ಕು ಪಂದ್ಯಗಳ 504 ಅಂಕಗಳನ್ನು ಓದುವುದು ಹೇಗೆ?

ಪ್ರಶ್ನೆ: 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್ ಮತ್ತು ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದ ಜಿಮ್ ಥೋರ್ಪ್, ಅದೇ ವರ್ಷ ಕಾರ್ಲೈಲ್ ಎಂಬ ಶಾಲೆಯ ಫುಟ್‌ಬಾಲ್ ತಂಡದ ನಾಯಕರಾಗಿದ್ದರಂತೆ. ಆ ತಂಡ 14 ಪಂದ್ಯಗಳಲ್ಲಿ 504 ಅಂಕ ಗಳಿಸಿತೆಂದು ಓದಿದೆ. ಫುಟ್‌ಬಾಲ್‌ನಲ್ಲಿ ಇಷ್ಟು ಅಂಕ ಹೇಗೆ ಬರುತ್ತದೆ? ಟೊರಾಂಟೊ ವಿರುದ್ಧ 49–1 ಎಂದಿದೆ, ಆ ಒಂದು ಅಂಕ ಎಲ್ಲಿಂದ ಬಂತು? ಸೇನಾ ಅಕಾಡೆಮಿಯನ್ನು ಅಷ್ಟು ಚೆನ್ನಾಗಿ ಸೋಲಿಸಿದ ತಂಡ ಮುಂದಿನ ವಾರವೇ ಸೋತದ್ದೇಕೆ? ಎಲ್ಲವೂ ಥೋರ್ಪ್ ಒಬ್ಬರ ಸಾಹಸವೇ?

ಉತ್ತರ: ಮೊದಲ ಗೊಂದಲ ಹೆಸರಿನದು. ಇದು ನಾವು ಬೆಂಗಳೂರಿನ ಮೈದಾನಗಳಲ್ಲಿ ನೋಡುವ ಕಾಲ್ಚೆಂಡಾಟವಲ್ಲ, ಅಮೆರಿಕದ ಫುಟ್‌ಬಾಲ್. ರಗ್ಬಿಯಿಂದ ಹುಟ್ಟಿದ ಆಟ. ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗೋಲು ಗೆರೆ ದಾಟಿಸುವುದೇ ಇಲ್ಲಿ ಮುಖ್ಯ. ಅದಕ್ಕೆ ಟಚ್‌ಡೌನ್ ಎನ್ನುತ್ತಾರೆ. ಚೆಂಡು ಹಿಡಿದವನನ್ನು ಎದುರಾಳಿಗಳು ಕೆಡವಿದರೆ ಆ ಯತ್ನ ಅಲ್ಲಿಗೆ ಮುಗಿಯಿತು, ಅದೊಂದು ‘ಡೌನ್’. ಕಬಡ್ಡಿ ಬಲ್ಲವರು ಪ್ರತಿ ಡೌನನ್ನೂ ಒಂದು ರೇಡ್ ಎಂದುಕೊಳ್ಳಬಹುದು. ವ್ಯತ್ಯಾಸವೆಂದರೆ, ಇಲ್ಲಿ ಹನ್ನೊಂದೂ ಜನ ಒಟ್ಟಿಗೆ ದಾಳಿಗೆ ಇಳಿಯುತ್ತಾರೆ, ಗಳಿಸಿದ ನೆಲ ಮುಂದಿನ ಯತ್ನಕ್ಕೂ ಉಳಿಯುತ್ತದೆ. ಇಷ್ಟು ಡೌನ್‌ಗಳಲ್ಲಿ 10 ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ.

‘ಇಷ್ಟು’ ಎಂದರೆ ಎಷ್ಟು ಎಂಬುದೇ 1912ರಲ್ಲಿ ಬದಲಾಯಿತು. ಆ ವರ್ಷದ ನಿಯಮ ಪುಸ್ತಕ ಪಕ್ಕದಲ್ಲಿಲ್ಲದೆ 504ನ್ನು ಓದಿದರೆ ತಪ್ಪು ಓದುತ್ತೇವೆ. 1911ರವರೆಗೆ 10 ಗಜಕ್ಕೆ ಮೂರೇ ಡೌನ್ ಇತ್ತು, 1912ರಿಂದ ನಾಲ್ಕು. ಟಚ್‌ಡೌನಿನ ಬೆಲೆ 5ರಿಂದ 6 ಅಂಕಕ್ಕೆ ಏರಿತು. ಗೋಲು ಗೆರೆಗಳ ನಡುವಿನ ಅಂತರ 110 ಗಜದಿಂದ 100 ಗಜಕ್ಕೆ, ಅಂದರೆ ಸುಮಾರು 91 ಮೀಟರಿಗೆ ಇಳಿಯಿತು. ಪ್ರತಿ ಗೋಲು ಗೆರೆಯ ಹಿಂದೆ 10 ಗಜದ ಎಂಡ್ ಜೋನ್ ಬಂತು, ಅಲ್ಲಿ ಪಾಸ್ (ಜೊತೆಗಾರ ಮುಂದಕ್ಕೆ ಎಸೆದ ಚೆಂಡು) ಹಿಡಿದರೂ ಟಚ್‌ಡೌನ್ ಎಂದಾಯಿತು. ಪಾಸ್ 20 ಗಜಕ್ಕಿಂತ ದೂರ ಹೋಗಬಾರದೆಂಬ ಮಿತಿ ರದ್ದಾಯಿತು. ಒಂದೊಂದು ಬದಲಾವಣೆಯೂ ದಾಳಿ ಮಾಡುವವನ ಪರ. ಹಾಗಾಗಿ 1912ರ ಅಂಕಗಳನ್ನು 1911ರ ಅಂಕಗಳ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ.

ಉಳಿದ ಬೆಲೆಗಳು ಹೀಗಿದ್ದವು: ಟಚ್‌ಡೌನ್ ಆದ ಮೇಲೆ ಚೆಂಡನ್ನು ಗೋಲು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಒದ್ದು ಗಳಿಸುವ ಗೋಲಿಗೆ 1, ಆಟದ ನಡುವೆ ಒದ್ದು ಗಳಿಸುವ ಫೀಲ್ಡ್ ಗೋಲಿಗೆ 3, ಎದುರಾಳಿಯನ್ನು ಅವನದೇ ಗೋಲು ಗೆರೆಯ ಹಿಂದೆ ಕೆಡವಿದರೆ ಸಿಗುವ ಸೇಫ್ಟಿಗೆ 2. ಫೀಲ್ಡ್ ಗೋಲಿನ 3 ಕೂಡ 1909ರಲ್ಲಿ ಬಂದದ್ದು. 1904ಕ್ಕೆ ಮುಂಚೆ ಅದಕ್ಕೆ 5 ಅಂಕ ಇತ್ತು.

ಈ ಬೆಲೆಗಳು ಗೊತ್ತಿದ್ದರೆ ಹಳೆಯ ಸ್ಕೋರುಗಳ ಗಂಟು ಬಿಚ್ಚಬಹುದು. 1911ರ ನವೆಂಬರಿನಲ್ಲಿ ಕಾರ್ಲೈಲ್ ಹಾರ್ವರ್ಡ್ ತಂಡವನ್ನು 18–15ರಿಂದ ಸೋಲಿಸಿತು. ಅಂದು ಥೋರ್ಪ್ ನಾಲ್ಕು ಫೀಲ್ಡ್ ಗೋಲ್ ಹೊಡೆದರು, ಅಲ್ಲಿಗೆ 12 ಅಂಕ. ಉಳಿದ 6ರಲ್ಲಿ ಟಚ್‌ಡೌನಿಗೆ 5, ಅದರ ನಂತರದ ಗೋಲಿಗೆ 1. 1912ರ ಬೆಲೆ ಹಾಕಿ ನೋಡಿದರೆ 19 ಬರುತ್ತದೆ, ಲೆಕ್ಕ ಕೂಡುವುದಿಲ್ಲ. 1912ರಲ್ಲಿ ಸೇನಾ ಅಕಾಡೆಮಿಯ ವಿರುದ್ಧ ಗಳಿಸಿದ 27ನ್ನು ಬಿಡಿಸಿದರೆ ನಾಲ್ಕು ಟಚ್‌ಡೌನಿಗೆ 24, ಮೂರು ಗೋಲಿಗೆ 3. ನಾಲ್ಕನೆಯ ಗೋಲು ತಪ್ಪಿದೆ.

ಈ ‘ತಪ್ಪಿದ ಗೋಲು’ ಆಗ ತೀರ ಸಾಮಾನ್ಯ, ಕಾರಣ ಒದೆಯುವವನ ದಡ್ಡತನವಲ್ಲ. ಇಂದು ಆ ಒದೆತ ಗೋಲು ಕಂಬಗಳ ನೇರ ಎದುರಿನಿಂದ ನಡೆಯುತ್ತದೆ. ಆಗ ಹಾಗಿರಲಿಲ್ಲ. ಚೆಂಡು ಗೋಲು ಗೆರೆಯನ್ನು ಎಲ್ಲಿ ದಾಟಿತ್ತೋ ಅದೇ ಸಾಲಿನಲ್ಲಿ ನೇರವಾಗಿ ಹಿಂದಕ್ಕೆ ತಂದು ಒದೆಯಬೇಕಿತ್ತು. ಮೂಲೆಯಲ್ಲಿ ಟಚ್‌ಡೌನ್ ಆದರೆ ಕಂಬಗಳು ಓರೆಯಾಗಿ ಕಾಣುತ್ತಿದ್ದವು. ಕಂಬಗಳ ನಡುವಿನ ಅಂತರ 18 ಅಡಿ 6 ಅಂಗುಲ, ಅಡ್ಡಪಟ್ಟಿಯ ಎತ್ತರ 10 ಅಡಿ. ಓರೆಯಿಂದ ಆ ಅಂತರ ಅರ್ಧಕ್ಕಿಂತ ಕಡಿಮೆ ಆಗಿಬಿಡುತ್ತಿತ್ತು. ಇದಕ್ಕೊಂದು ಉಪಾಯವಿತ್ತು, ‘ಪಂಟ್ ಔಟ್’. ಟಚ್‌ಡೌನ್ ಗಳಿಸಿದ ತಂಡದ ಒಬ್ಬ ಗೋಲು ಗೆರೆಯ ಹಿಂದಿನಿಂದ ಚೆಂಡನ್ನು ಮೈದಾನದ ಕಡೆಗೆ ಒದೆಯುವುದು, ಕಂಬಗಳ ಎದುರು ನಿಂತ ಅವನ ಜೊತೆಗಾರ ಅದನ್ನು ನೆಲಕ್ಕೆ ಬೀಳದಂತೆ ಹಿಡಿಯುವುದು, ಹಿಡಿದ ಜಾಗದಿಂದ ಗೋಲಿಗೆ ಒದೆಯುವುದು. ಕೈತಪ್ಪಿದರೆ ಅವಕಾಶವೇ ಮುಗಿಯಿತು. ಈ ಪದ್ಧತಿ 1920ರಲ್ಲಿ ಕೊನೆಗೊಂಡಿತು. ಹಾಗಾಗಿ 1912ರ ಪಟ್ಟಿಗಳಲ್ಲಿ ಟಚ್‌ಡೌನೊಂದಕ್ಕೆ 7ರ ಬದಲು ಬರೀ 6 ಕಂಡರೆ ಅಚ್ಚರಿಪಡಬೇಕಿಲ್ಲ. ಮೈದಾನದ ಅಂಚಿನಲ್ಲಿ ಓಡುವ ತಂಡಕ್ಕೆ ಈ ದಂಡ ಹೆಚ್ಚು ಬೀಳುತ್ತಿತ್ತು, ಕಾರ್ಲೈಲ್ ಅಂಥದೇ ತಂಡ.

ಇನ್ನು ಆ ಸೀಸನ್ನಿನ ಪೂರ್ತಿ ಲೆಕ್ಕ. ಕಾರ್ಲೈಲ್ ಅಂಕ ಮೊದಲು, ಎದುರಾಳಿಯದು ನಂತರ: ಆಲ್‌ಬ್ರೈಟ್ 50–7, ಲೆಬನಾನ್ ವ್ಯಾಲಿ 45–0, ಡಿಕಿನ್ಸನ್ 34–0, ವಿಲನೋವಾ 65–0, ವಾಷಿಂಗ್ಟನ್ ಅಂಡ್ ಜೆಫರ್ಸನ್ 0–0, ಸಿರಕ್ಯೂಸ್ 33–0, ಪಿಟ್ಸ್‌ಬರ್ಗ್ 45–8, ಜಾರ್ಜ್‌ಟೌನ್ 34–20, ಟೊರಾಂಟೊ 49–1, ಲೀಹೈ 34–14, ಸೇನಾ ಅಕಾಡೆಮಿ 27–6, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 26–34, ಸ್ಪ್ರಿಂಗ್‌ಫೀಲ್ಡ್ 30–24, ಬ್ರೌನ್ 32–0. ಕೂಡಿಸಿ ನೋಡಿ: 504 ಮತ್ತು 114. ಹನ್ನೆರಡು ಗೆಲುವು, ಒಂದು ಸೋಲು, ಒಂದು ಸಮ. ಪಂದ್ಯಕ್ಕೆ ಸರಾಸರಿ ಸರಿಯಾಗಿ 36. ಬಹುಪಾಲು ಅಂಕ ಟಚ್‌ಡೌನಿನಿಂದಲೇ ಬಂದದ್ದೆಂದು ಇಟ್ಟುಕೊಂಡು 1911ರ ಬೆಲೆಗೆ ಇಳಿಸಿದರೆ 504 ಎಂಬುದು 430ರ ಆಸುಪಾಸಿಗೆ ಬರುತ್ತದೆ. ಅದೂ ಸಣ್ಣ ಮೊತ್ತವಲ್ಲ. ಇನ್ನೊಂದು ಎಚ್ಚರಿಕೆ: 1910ರಿಂದ ಪಂದ್ಯಕ್ಕೆ 15 ನಿಮಿಷದ ನಾಲ್ಕು ಕ್ವಾರ್ಟರ್ ಎಂದು ನಿಯಮವಿದ್ದರೂ, ಸೀಸನ್ನಿನ ಆರಂಭದಲ್ಲಿ ಸಣ್ಣ ಕಾಲೇಜುಗಳೊಂದಿಗೆ ಆಡುವಾಗ ಇಬ್ಬರೂ ಒಪ್ಪಿ ಕ್ವಾರ್ಟರ್‌ಗಳನ್ನು ಕಿರಿದು ಮಾಡಿಕೊಳ್ಳುವ ರೂಢಿ ಆಗ ಇತ್ತು. ಎರಡು ಪಂದ್ಯಗಳನ್ನು ಹೋಲಿಸುವ ಮುನ್ನ ಆಡಿದ ನಿಮಿಷಗಳನ್ನೂ ನೋಡಿಕೊಳ್ಳಬೇಕು.

ನೀವು ಕೇಳಿದ 49–1ಕ್ಕೆ ಬರೋಣ. ಮೇಲಿನ ಬೆಲೆಪಟ್ಟಿಯಲ್ಲಿ ಒಂಟಿ 1 ಅಂಕ ಗಳಿಸುವ ದಾರಿಯೇ ಇಲ್ಲ, ಗೋಲಿನ 1 ಬರಬೇಕಾದರೆ ಮೊದಲು ಟಚ್‌ಡೌನ್ ಆಗಿರಬೇಕು. ಅಂಥ ಅಂಕ ಕಂಡರೆ ಅಲ್ಲಿ ಬೇರೆ ನಿಯಮ ನಡೆದಿದೆ ಎಂದೇ ಅರ್ಥ. ಟೊರಾಂಟೊದಲ್ಲಿ ಪಂದ್ಯದ ಒಂದು ಭಾಗವನ್ನು ಅಮೆರಿಕದ ನಿಯಮದಲ್ಲೂ ಇನ್ನೊಂದು ಭಾಗವನ್ನು ಕೆನಡಾದ ರಗ್ಬಿ ನಿಯಮದಲ್ಲೂ ಆಡಿದರು. ಕೆನಡಾದ ಆಟದಲ್ಲಿ ‘ರೂಜ್’ ಎಂಬ ಒಂದು ಅಂಕವಿದೆ: ಒದ್ದ ಚೆಂಡು ಎದುರಾಳಿಯ ಗೋಲು ಪ್ರದೇಶಕ್ಕೆ ಹೋಗಿ, ಅವರು ಅದನ್ನು ಹೊರಗೆ ತರಲಾಗದೆ ಹೋದರೆ ಒದ್ದವರಿಗೆ 1. ಕೆನಡಾದಲ್ಲಿ ಅದು ಇಂದಿಗೂ ಇದೆ.

ಅದೇ ಟೊರಾಂಟೊ ಪಂದ್ಯದ ದಿನಾಂಕ ಗಮನಿಸಿ: ಅಕ್ಟೋಬರ್ 28, ಸೋಮವಾರ. ಜಾರ್ಜ್‌ಟೌನ್ ಪಂದ್ಯ ಅಕ್ಟೋಬರ್ 26, ಶನಿವಾರ, ವಾಷಿಂಗ್ಟನ್ ನಗರದಲ್ಲಿ. ನಡುವೆ ಒಂದೇ ಭಾನುವಾರ, ಅದೂ ಪ್ರಯಾಣಕ್ಕೆ. ಮುಂದಿನ ಶನಿವಾರ ನವೆಂಬರ್ 2ಕ್ಕೆ ಮತ್ತೆ ಪೆನ್ಸಿಲ್ವೇನಿಯಾ ರಾಜ್ಯಕ್ಕೆ ಬಂದು ಲೀಹೈ ವಿರುದ್ಧ ಆಟ. ಎಂಟು ದಿನದಲ್ಲಿ ಮೂರು ಪಂದ್ಯ. ಸೀಸನ್ ಶುರುವಾದದ್ದು ಸೆಪ್ಟೆಂಬರ್ 21ಕ್ಕೆ, ಮುಗಿದದ್ದು ನವೆಂಬರ್ 28ಕ್ಕೆ. 69 ದಿನಗಳಲ್ಲಿ 14 ಪಂದ್ಯ. ಊರು ಬಿಡದೆ ಆಡಿದ್ದು ಮೊದಲ ಮೂರನ್ನು ಮಾತ್ರ, ಉಳಿದ ಹನ್ನೊಂದಕ್ಕೂ ರೈಲು ಹತ್ತಬೇಕಾಯಿತು. ಹಾರ್ವರ್ಡ್ ಅದೇ ವರ್ಷ ಆಡಿದ್ದು ಒಂಬತ್ತು ಪಂದ್ಯ, ಗೆದ್ದದ್ದು ಒಂಬತ್ತೂ.

ಇಷ್ಟೊಂದು ತಿರುಗಾಟ ಯಾಕೆ? ಕಾರ್ಲೈಲ್ ಪಟ್ಟಣದಲ್ಲಿ ದೊಡ್ಡ ಜನಸಂದಣಿಗೆ ಜಾಗವಿರಲಿಲ್ಲ. ಹಣವಿದ್ದದ್ದು ಫಿಲಡೆಲ್ಫಿಯಾ, ಸಿರಕ್ಯೂಸ್, ಪಿಟ್ಸ್‌ಬರ್ಗ್‌ಗಳ ಗೇಟಿನಲ್ಲಿ. ಟಿಕೆಟ್ ಹಣದ ಪಾಲು ಶಾಲೆಯ ಕ್ರೀಡಾ ನಿಧಿಗೆ ಸೇರುತ್ತಿತ್ತು, ಆ ನಿಧಿ ಕೋಚ್ ಗ್ಲೆನ್ ‘ಪಾಪ್’ ವಾರ್ನರ್ ಅವರ ಹಿಡಿತದಲ್ಲಿತ್ತು.

ಇನ್ನು ಈ ಶಾಲೆಯ ಬಗ್ಗೆ ಹೇಳಲೇಬೇಕು, ಯಾಕೆಂದರೆ ಇದನ್ನು ‘ಕಾಲೇಜು ತಂಡ’ ಎನ್ನುವುದೇ ಅರ್ಧ ಸತ್ಯ. ಕಾರ್ಲೈಲ್ ಇಂಡಿಯನ್ ಇಂಡಸ್ಟ್ರಿಯಲ್ ಸ್ಕೂಲ್ ಕಾಲೇಜಾಗಿರಲಿಲ್ಲ. ಸೇನಾಧಿಕಾರಿ ರಿಚರ್ಡ್ ಹೆನ್ರಿ ಪ್ರ್ಯಾಟ್ 1879ರಲ್ಲಿ ಪೆನ್ಸಿಲ್ವೇನಿಯಾದ ಹಳೆಯ ಸೇನಾ ಬ್ಯಾರಕ್ಕುಗಳಲ್ಲಿ ಸ್ಥಾಪಿಸಿದ ಸರ್ಕಾರಿ ವಸತಿ ಶಾಲೆ ಅದು. ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಮಕ್ಕಳನ್ನು ಮನೆಯಿಂದ ಸಾವಿರಾರು ಮೈಲಿ ದೂರ ತಂದು, ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿ ಆಡದಂತೆ ತಡೆದು, ಬಡಗಿ, ಕಮ್ಮಾರ, ದರ್ಜಿ ಕೆಲಸ ಕಲಿಸುತ್ತಿದ್ದರು. ಅಲ್ಲೇ ತೀರಿಕೊಂಡ ಮಕ್ಕಳ ಸಮಾಧಿಗಳು ಇಂದಿಗೂ ಅಲ್ಲಿವೆ, ಇತ್ತೀಚಿನ ವರ್ಷಗಳಲ್ಲಿ ಕೆಲವು ಮಕ್ಕಳ ಅವಶೇಷಗಳನ್ನು ಅವರವರ ಜನ ಊರಿಗೆ ಒಯ್ದಿದ್ದಾರೆ. ಆ 504 ಅಂಕಗಳ ಹಿಂದೆ ಈ ನೆಲವಿದೆ. ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿನ ಥೋರ್ಪ್, ಒಜಿಬ್ವೆ ಜನರಾದ ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್ ಮತ್ತು ಟ್ಯಾಕಲ್ ಜೋ ಗಯಾನ್, ಚೆರೊಕೀ ಜನರ ಫುಲ್‌ಬ್ಯಾಕ್ ಪೊವೆಲ್, ಹಾಫ್‌ಬ್ಯಾಕ್ ಅಲೆಕ್ಸ್ ಅರ್ಕಾಸ: ಇವರೆಲ್ಲ ಆ ಶಾಲೆಯವರು. (ಟ್ಯಾಕಲ್ ಎಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವವನು, ‘ಬ್ಯಾಕ್’ ಎಂದು ಮುಗಿಯುವ ಹೆಸರಿನವರು ಆ ಸಾಲಿನ ಹಿಂದೆ ನಿಂತು ಚೆಂಡು ಆಡುವವರು.)

ಎದುರಾಳಿಗಳಿಗೆ ಹೋಲಿಸಿದರೆ ಇವರ ಮೈ ಹಗುರ. ಹಗುರ ತಂಡ ಗೆಲ್ಲಲು ದಾರಿ ಮಾಡಿಕೊಟ್ಟದ್ದು ನಿಯಮವೇ. 1906ಕ್ಕೆ ಮುಂಚೆ ಭಾರದ ತಂಡಗಳು ಓಟಗಾರನನ್ನು ನಡುವೆ ಇಟ್ಟುಕೊಂಡು, ಹಿಂದಿನಿಂದ ದೂಡಿ, ಮುಂದಿನಿಂದ ಎಳೆದು, ಗೋಡೆಯಂತೆ ನುಗ್ಗುತ್ತಿದ್ದವು. ಆಟಗಾರರು ಸತ್ತರು. 1905ರ ಗದ್ದಲದ ನಂತರ ಫಾರ್ವರ್ಡ್ ಪಾಸ್‌ಗೆ ಅವಕಾಶ ಬಂತು. 1910ರಲ್ಲಿ ಓಟಗಾರನನ್ನು ದೂಡುವುದು, ಎಳೆಯುವುದು, ಕೈ ಹೆಣೆದು ಗೋಡೆ ಕಟ್ಟುವುದು ನಿಷೇಧವಾಯಿತು. ದಾಳಿ ಶುರುವಾಗುವಾಗ ಏಳು ಜನ ಗೆರೆಯ ಮೇಲೇ ಇರಬೇಕೆಂದೂ ಆಯಿತು. ಭಾರದ ಲಾಭ ಕರಗಿತು. ಯಾರನ್ನು ಎಲ್ಲಿಂದ, ಯಾವ ಕೋನದಲ್ಲಿ ತಡೆಯುವುದು ಎಂಬ ಲೆಕ್ಕಾಚಾರಕ್ಕೆ ಬೆಲೆ ಬಂತು.

ವಾರ್ನರ್ ಅವರ ಜಾಣ್ಮೆ ಇಲ್ಲಿದೆ. ಅವರ ಸಿಂಗಲ್ ವಿಂಗ್ ವ್ಯೂಹದಲ್ಲಿ ಮುಂದಿನ ಸಾಲಿನ ನಡುವೆ ನಿಲ್ಲುವ ಸೆಂಟರ್ ಆಟಗಾರ ಚೆಂಡನ್ನು ಕ್ವಾರ್ಟರ್‌ಬ್ಯಾಕಿನ ಕೈಗೆ ಇಡುವುದಿಲ್ಲ, ಕಾಲುಗಳ ನಡುವಿನಿಂದ ನೇರ ಹಿಂದಕ್ಕೆ, ಕೆಲವು ಗಜ ದೂರ ನಿಂತ ಟೇಲ್‌ಬ್ಯಾಕಿಗೆ ಎಸೆಯುತ್ತಾನೆ. ಒಬ್ಬ ಬ್ಯಾಕ್ ಸಾಲಿನ ಕೊನೆಯ ಆಟಗಾರನ ಹೊರಗೆ, ತುಸು ಹಿಂದೆ ನಿಲ್ಲುತ್ತಾನೆ. ಅವನೇ ‘ವಿಂಗ್’. ಚೆಂಡು ಹೊರಟ ಕ್ಷಣ ವಿಂಗ್ ಮತ್ತು ಕೊನೆಯ ಆಟಗಾರ ಇಬ್ಬರೂ ಸೇರಿ ಎದುರಾಳಿಯ ಒಬ್ಬ ಟ್ಯಾಕಲ್ ಮೇಲೆ ಬೀಳುತ್ತಾರೆ. ಎದುರಿನವನು ಎಷ್ಟು ಭಾರವಿದ್ದರೇನು, ಒಬ್ಬನ ಮೇಲೆ ಇಬ್ಬರು, ಅದೂ ಓರೆಯಿಂದ. ಆ ಸಂದಿಯಲ್ಲಿ ಟೇಲ್‌ಬ್ಯಾಕ್ ಓಡಬಹುದು, ಪಾಸ್ ಕೊಡಬಹುದು, ಒದೆಯಲೂಬಹುದು. ಮೂರನ್ನೂ ಒಂದೇ ನಿಲುವಿನಿಂದ ಮಾಡಬಲ್ಲ ಥೋರ್ಪ್‌ಗೆ ಆ ಸ್ಥಾನ ಹೇಳಿ ಮಾಡಿಸಿದಂತಿತ್ತು. ಇದರ ದುರ್ಬಲ ಕೊಂಡಿ ಆ ಉದ್ದನೆಯ ಎಸೆತ. ಸೆಂಟರ್ ತಲೆಕೆಳಗಾಗಿ ನೋಡುತ್ತ ಎಸೆಯಬೇಕು. ಒದ್ದೆ ಚೆಂಡು ಒಂದು ಅಡಿ ಆಚೀಚೆ ಹೋದರೂ ಬ್ಯಾಕ್ ಕೈ ಚಾಚಬೇಕಾಗುತ್ತದೆ, ತಡೆಯ ಲಯ ತಪ್ಪುತ್ತದೆ, ಚೆಂಡು ನೆಲಕ್ಕೆ ಬೀಳುತ್ತದೆ.

ಅಂದಿನ ಚೆಂಡೂ ಇಂದಿನದಕ್ಕಿಂತ ಗುಂಡಗಿತ್ತು. ಅದು ಪಾಸ್‌ಗೆ ತೊಡಕು, ಡ್ರಾಪ್ ಕಿಕ್‌ಗೆ ವರ. ಡ್ರಾಪ್ ಕಿಕ್ ಎಂದರೆ ಚೆಂಡನ್ನು ಎರಡು ಕೈಯಲ್ಲಿ ಹಿಡಿದು ತುದಿ ನೆಲಕ್ಕೆ ತಾಗುವಂತೆ ಬಿಟ್ಟು, ಪುಟಿದ ಕ್ಷಣದಲ್ಲೇ ಒದೆಯುವುದು. ತುದಿ ಮೊಂಡಾಗಿದ್ದರೆ ಪುಟಿತ ನೇರ ಇರುತ್ತದೆ. ಮುಂದೆ ಪಾಸ್‌ಗಾಗಿ ಚೆಂಡನ್ನು ಚೂಪು ಮಾಡುತ್ತ ಹೋದಾಗ ಡ್ರಾಪ್ ಕಿಕ್ ಮರೆಯಾಯಿತು.

ನವೆಂಬರ್ 9ಕ್ಕೆ ವೆಸ್ಟ್ ಪಾಯಿಂಟ್. ಎದುರಿಗೆ ಸೇನಾ ಅಕಾಡೆಮಿಯ ಕೆಡೆಟ್‌ಗಳು. ಮೂಲನಿವಾಸಿಗಳ ನೆಲ ಕಸಿದ ಯುದ್ಧಗಳು ಮುಗಿದು ಇನ್ನೂ ಎರಡು ದಶಕ ಕಳೆದಿತ್ತಷ್ಟೆ. ಆಡುವ ಇಬ್ಬರಿಗೂ, ನೋಡುವವರಿಗೂ ಅದು ಗೊತ್ತಿತ್ತು. ವಾರ್ನರ್ ಅಂದು ಡಬಲ್ ವಿಂಗ್ ಬಳಸಿದರು. ಈಗ ಎರಡೂ ತುದಿಯಲ್ಲಿ ಒಬ್ಬೊಬ್ಬ ವಿಂಗ್, ಆದ್ದರಿಂದ ಯಾವ ಕಡೆ ನುಗ್ಗುತ್ತಾರೆಂದು ರಕ್ಷಕರಿಗೆ ಮೊದಲೇ ತಿಳಿಯುವುದಿಲ್ಲ. ಒಂದು ವಿಂಗ್ ಹಿಂದಿನಿಂದ ಅಡ್ಡ ಓಡಿಬಂದು ಚೆಂಡು ತೆಗೆದುಕೊಂಡಂತೆ ಮಾಡುತ್ತಾನೆ. ಒಮ್ಮೆ ನಿಜವಾಗಿ ತೆಗೆದುಕೊಳ್ಳುತ್ತಾನೆ, ಒಮ್ಮೆ ಇಲ್ಲ. ಸೈನ್ಯದ ನಾಯಕ ಡೆವೋರ್ ತಾಳ್ಮೆ ಕಳೆದುಕೊಂಡು ಗಯಾನ್ ಮೇಲೆ ಬಿದ್ದು ಆಟದಿಂದ ಹೊರಹೋದರು. ಕಾರ್ಲೈಲ್ ಕಡೆ ಪೊವೆಲ್ ಕೂಡ ಹೊರಹೋದರು. ಸೈನ್ಯದ ತಂಡದಲ್ಲಿ ಅಂದು ಆಡಿದವರಲ್ಲಿ ಮುಂದೆ ಅಧ್ಯಕ್ಷರಾದ ಡ್ವೈಟ್ ಐಸೆನ್‌ಹೋವರ್ ಒಬ್ಬರು. ಥೋರ್ಪ್‌ರನ್ನು ಕೆಡವಲು ಹೋಗಿ ಅವರ ಮೊಣಕಾಲು ಮುರಿಯಿತೆಂಬ ಮಾತು ಪೂರ್ತಿ ಸರಿಯಲ್ಲ. ಅವರ ಆಟ ಮುಗಿಸಿದ ಗಾಯ ಆದದ್ದು ಮುಂದಿನ ವಾರ ಟಫ್ಟ್ಸ್ ವಿರುದ್ಧ.

ಈ ಪಂದ್ಯದ ಬಗ್ಗೆ ಇನ್ನೊಂದು ಕತೆ ಎಲ್ಲೆಡೆ ಸಿಗುತ್ತದೆ: ಥೋರ್ಪ್ 92 ಗಜ ಓಡಿ ಗಳಿಸಿದ ಟಚ್‌ಡೌನ್ ರದ್ದಾಯಿತು, ಮತ್ತೆ ಒದ್ದಾಗ 97 ಗಜ ಓಡಿ ಗಳಿಸಿಯೇ ಬಿಟ್ಟರು, ಎಂದು. ದೀರ್ಘ ಓಟವೊಂದು ಜೊತೆಗಾರನ ತಪ್ಪಿನಿಂದ ರದ್ದಾದದ್ದು ನಿಜ. ಎರಡನೆಯ ಭಾಗವನ್ನು ಬಿಟ್ಟುಬಿಡಿ. 27ರಲ್ಲಿನ ನಾಲ್ಕು ಟಚ್‌ಡೌನ್‌ಗಳಲ್ಲಿ ಮೂರು ಅರ್ಕಾಸ ಅವರದು, ಒಂದು ಜೋ ಬರ್ಗಿ ಅವರದು. ಅಂದು ಥೋರ್ಪ್ ನೆಲ ಗಳಿಸಿಕೊಟ್ಟರು, ರಕ್ಷಕರನ್ನು ತಮ್ಮತ್ತ ಎಳೆದರು. ಹಾಗೆ ತೆರೆದ ಸಂದಿಯಲ್ಲಿ ಅರ್ಕಾಸ ಹೊಕ್ಕರು. ಡಬಲ್ ವಿಂಗ್ ಕೆಲಸ ಮಾಡಬೇಕಾದದ್ದೇ ಹಾಗೆ.

ಹಾಗಿದ್ದರೆ ನವೆಂಬರ್ 16ಕ್ಕೆ ಫಿಲಡೆಲ್ಫಿಯಾದಲ್ಲಿ, ಆ ವರ್ಷ ನಾಲ್ಕು ಪಂದ್ಯ ಸೋತ ಪೆನ್ಸಿಲ್ವೇನಿಯಾ ತಂಡಕ್ಕೆ 34 ಅಂಕ ಬಿಟ್ಟುಕೊಟ್ಟದ್ದೇಕೆ? ಎದುರಾಳಿಗಳ ಅಂಕಗಳನ್ನು ಎರಡು ಪಾಲು ಮಾಡಿ ನೋಡಿ. ಮೊದಲ ಏಳು ಪಂದ್ಯದಲ್ಲಿ ಕಾರ್ಲೈಲ್ ಬಿಟ್ಟುಕೊಟ್ಟದ್ದು ಒಟ್ಟು 15. ಕೊನೆಯ ಏಳರಲ್ಲಿ 99. ದಾಳಿ ಕಡೆಯವರೆಗೂ ಹರಿತವಾಗಿತ್ತು, ಪೆನ್ಸಿಲ್ವೇನಿಯಾ ವಿರುದ್ಧವೂ 26 ಬಂತು. ಸಡಿಲಿದ್ದು ರಕ್ಷಣೆ. ಅದೇ ಹನ್ನೊಂದು ಜನ ದಾಳಿಯನ್ನೂ ರಕ್ಷಣೆಯನ್ನೂ ಮಾಡಬೇಕಿದ್ದ ಕಾಲ. ಹೊರಗೆ ಹೋದವನು ಮುಂದಿನ ಕ್ವಾರ್ಟರ್ ಆರಂಭವಾಗುವವರೆಗೆ ಮರಳುವಂತಿಲ್ಲ, ಆದ್ದರಿಂದ ಪೆಟ್ಟಾದವನೂ ಮೈದಾನದಲ್ಲೇ ಉಳಿಯುತ್ತಿದ್ದ. ದಾಳಿಯಲ್ಲಿ ಎಲ್ಲಿಗೆ ಓಡಬೇಕೆಂದು ಮೊದಲೇ ಗೊತ್ತಿರುತ್ತದೆ. ರಕ್ಷಣೆಯಲ್ಲಿ ನೋಡಿ, ತಿರುಗಿ, ಹಿಂಬಾಲಿಸಬೇಕು. ದಣಿವು ಮೊದಲು ಹಿಡಿಯುವುದು ಆ ಕಾಲುಗಳನ್ನೇ. ಪಾಸ್‌ನ ದೂರದ ಮಿತಿ ತೆಗೆದ ವರ್ಷದಲ್ಲಿ ಹಿಂದೆ ಉಳಿದ ಒಂದೆರಡು ಹೆಜ್ಜೆಯೇ ಟಚ್‌ಡೌನ್ ಆಗುತ್ತಿತ್ತು. ಸೇನಾ ಪಂದ್ಯಕ್ಕೆ ತಂಡ ತನ್ನೆಲ್ಲ ಕಸುವನ್ನೂ ಸುರಿದಿತ್ತು ಎಂಬುದನ್ನೂ ಸೇರಿಸಿಕೊಳ್ಳಿ. ನನ್ನ ಮಟ್ಟಿಗೆ ಆ ಸೋಲಿನ ಮುಖ್ಯ ಕಾರಣ ರೈಲು ವೇಳಾಪಟ್ಟಿ.

ಮರುವಾರ ಸ್ಪ್ರಿಂಗ್‌ಫೀಲ್ಡ್ ಕೂಡ 24 ಗಳಿಸಿತು ಎಂಬುದು ಇದಕ್ಕೆ ಸಾಕ್ಷಿ. ಸ್ಪ್ರಿಂಗ್‌ಫೀಲ್ಡ್ ಎಂದರೆ ವೈಎಂಸಿಎ ತರಬೇತಿ ಶಾಲೆ, 1891ರಲ್ಲಿ ಬ್ಯಾಸ್ಕೆಟ್‌ಬಾಲ್ ಹುಟ್ಟಿದ ಜಾಗ. 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದ ಹ್ಯಾರಿ ಕ್ರೋ ಬಕ್ ಅಲ್ಲಿ ಓದಿದವರು. ನಮ್ಮ ಕಡೆಯ ಹಳೆಯ ತಲೆಮಾರಿನ ಡ್ರಿಲ್ ಮೇಷ್ಟ್ರುಗಳಲ್ಲಿ ಅನೇಕರು ಆ ಮದ್ರಾಸ್ ಕಾಲೇಜಿನಿಂದಲೇ ಬಂದರು.

ಎಲ್ಲವೂ ಥೋರ್ಪ್ ಒಬ್ಬರದೇ ಎಂಬ ಕೊನೆಯ ಪ್ರಶ್ನೆ. ಆ ಸೀಸನ್ನಿನ ಅವರ ವೈಯಕ್ತಿಕ ಮೊತ್ತ ಒಂದು ಕಡೆ 198, ಇನ್ನೊಂದು ಕಡೆ 224 ಎಂದು ಸಿಗುತ್ತದೆ. ಪಂದ್ಯವಾರು ಲೆಕ್ಕವನ್ನು ಪತ್ರಿಕಾ ವರದಿಗಳಿಂದ ಹೆಕ್ಕಬೇಕಿರುವುದರಿಂದ ಇಂಥ ವ್ಯತ್ಯಾಸಗಳು ಬರುತ್ತವೆ. ದೊಡ್ಡದನ್ನೇ ಹಿಡಿದರೂ ಅದು 504ರಲ್ಲಿ ಶೇ 44. ಅರ್ಧಕ್ಕಿಂತ ಹೆಚ್ಚು ಬೇರೆಯವರದು. ಇನ್ನೂ ಗಟ್ಟಿ ಪುರಾವೆ ಮುಂದಿನ ವರ್ಷದ್ದು: 1913ರಲ್ಲಿ ಥೋರ್ಪ್ ಇರಲಿಲ್ಲ, ಟ್ಯಾಕಲ್ ಆಗಿದ್ದ ಗಯಾನ್ ಹಾಫ್‌ಬ್ಯಾಕ್ ಸ್ಥಾನಕ್ಕೆ ಬಂದರು, ತಂಡ ಹತ್ತು ಗೆದ್ದು, ಒಂದು ಸೋತು, ಒಂದನ್ನು ಸಮ ಮಾಡಿಕೊಂಡಿತು. ಥೋರ್ಪ್ ಆ ತಂಡದ ಶ್ರೇಷ್ಠ ಆಟಗಾರ, ಬಹುಶಃ ಆ ಕಾಲದ ಶ್ರೇಷ್ಠ. ಆದರೆ ಅರ್ಕಾಸ, ವೆಲ್ಚ್, ಗಯಾನ್ ಹೆಸರು ಬಿಟ್ಟು ಈ ಸೀಸನ್ ಬರೆಯುವುದು ಅವರಿಗೆ ಮಾಡುವ ಅನ್ಯಾಯ.

ನವೆಂಬರ್ 28ರ ಥ್ಯಾಂಕ್ಸ್‌ಗಿವಿಂಗ್ ದಿನ ಬ್ರೌನ್ ವಿರುದ್ಧ 32–0. ಕಾರ್ಲೈಲ್ ಪರ ಥೋರ್ಪ್ ಆಡಿದ ಕೊನೆಯ ಪಂದ್ಯ ಅದು. ಹಿಂದೆ ಬೇಸಿಗೆಯಲ್ಲಿ ಸಣ್ಣ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರೆಂಬ ಸುದ್ದಿ 1913ರ ಜನವರಿಯಲ್ಲಿ ಹೊರಬಿದ್ದು ಒಲಿಂಪಿಕ್ ಪದಕಗಳು ಹೋದವು. ಅವರೊಬ್ಬರೇ ವಿಜೇತರೆಂದು ಮತ್ತೆ ಪೂರ್ಣವಾಗಿ ದಾಖಲಾಗಲು 2022 ಬರಬೇಕಾಯಿತು. ಇತ್ತ ಶಾಲೆಯಲ್ಲಿ ಕ್ರೀಡಾ ನಿಧಿ, ಊಟ, ಶಿಕ್ಷೆಗಳ ಬಗ್ಗೆ ತನಿಖೆ ಬೇಕೆಂದು ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಸಹಿ ಸಂಗ್ರಹಿಸಿದವರು ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್. 1914ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಕಾರ್ಲೈಲ್‌ಗೆ ಬಂದು ವಿಚಾರಣೆ ನಡೆಸಿತು. ಆ ವರ್ಷದ ಸೀಸನ್ ಮುಗಿಸಿ ವಾರ್ನರ್ ಪಿಟ್ಸ್‌ಬರ್ಗ್‌ಗೆ ಹೋದರು. 1918ರಲ್ಲಿ ಶಾಲೆ ಮುಚ್ಚಿತು, ಬ್ಯಾರಕ್ಕುಗಳು ಸೇನೆಗೆ ಮರಳಿದವು.